ಮೈ ಕಂಡ ಅಂಗಿಯ ಏಲಂ

ಮೋಸ ನಡೆದದ್ದು ಹೌದು. ಮಾಡಿದ್ದು ನಾನಲ್ಲ, ನನ್ನ ಮಗ. ಅದೂ ಅಂಗಿ ಕೊಂಡವರಿಗಲ್ಲ, ನನಗೆ. ಡೊಂಬಿವಲಿಯಲ್ಲಿ ನಮ್ಮನ್ನು ಬಲ್ಲವರು ಇವತ್ತಿಗೂ ಈ ಕತೆಯನ್ನು ಬೇರೆ ಥರ ಹೇಳುತ್ತಾರೆ. ಮುದುಕಿಗೆ ತಿಳಿಯಲಿಲ್ಲ, ಏನೋ ಎಡವಟ್ಟು ಮಾಡಿದಳು, ಪುಣ್ಯಕ್ಕೆ ಮಗ ಬುದ್ಧಿವಂತ, ಸರಿ ಮಾಡಿದ ಎಂದು. ಸುಳ್ಳು. ನನಗೆ ಎಲ್ಲ ತಿಳಿದಿತ್ತು. ತಿಳಿದೇ ಮಾಡಿದ್ದೆ.

ಹೋದ ತಿಂಗಳು ಕಣ್ಣಿನ ಪೊರೆ ತೋರಿಸಲು ಠಾಣೆಯ ನೌಪಾಡಾಕ್ಕೆ ಹೋಗಿದ್ದೆ. ಡಾಕ್ಟರು ಕಣ್ಣಿಗೆ ಹನಿ ಬಿಟ್ಟು ಒಂದು ತಾಸು ಕೂರಿಸಿದರು. ಹೊರಗೆ ಬಂದಾಗ ಎಲ್ಲವೂ ಮಂಜು ಮಂಜು. ರಿಕ್ಷಾದವನು ಟ್ರಾಫಿಕ್ ತಪ್ಪಿಸಲು ಒಂದು ಗಲ್ಲಿಗೆ ತಿರುಗಿಸಿದ. ಅಲ್ಲೊಂದು ಕಟ್ಟಡ, ಹಸಿರು ಗೇಟು, ಕೆಳಗೆ ಔಷಧಿ ಅಂಗಡಿ. ಎದುರು ಕೂತವರ ಮುಖ ಕಾಣದ ಕಣ್ಣಿಗೆ ಆ ಗೇಟು ಮಾತ್ರ ಕಂಡಿತು. ಆ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಒಮ್ಮೆ ಚಹಾ ಕುಡಿದಿದ್ದೇನೆ. ಕುಡಿಯಬಾರದಿತ್ತು. ಎದ್ದು ಬರಬೇಕಿತ್ತು. ಇಷ್ಟು ವರ್ಷವಾದ ಮೇಲೂ ಆ ಸಿಟ್ಟು ಆರಿಲ್ಲ. ಆರದ ಸಿಟ್ಟನ್ನು ಬರೆದಿಡುವುದು ಒಳ್ಳೆಯದು ಎಂದು ಕೂತಿದ್ದೇನೆ.

ಎರಡು ಸಾವಿರದ ಏಳನೇ ಇಸವಿಯ ದೀಪಾವಳಿ ಕಳೆದು ಥಂಡಿ ಸುರುವಾಗುತ್ತಿದ್ದ ಸಮಯ. ನನ್ನ ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು. ರಬಾಳೆಯ ಒಂದು ಕಾರ್ಖಾನೆಯ ಕ್ಯಾಂಟೀನನ್ನು ನಾವಿಬ್ಬರೂ ಹತ್ತೊಂಬತ್ತು ವರ್ಷ ನಡೆಸಿದ್ದೆವು. ಅವರು ಹೋದ ಮೇಲೆ ಕಂಟ್ರಾಕ್ಟು ಬೇರೆಯವರಿಗೆ ಹೋಯಿತು. ನಾನು ಡೊಂಬಿವಲಿ ಪೂರ್ವದಲ್ಲಿ ಮಗನ ಮನೆಗೆ ಬಂದೆ. ಮಗ ಸತೀಶ ಘಣಸೋಲಿಯ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾನೆ. ಸೊಸೆ ವಿದ್ಯಾ ಕಲ್ಯಾಣದಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿ ತೆರೆದರೆ ಅರ್ಧ ಹಿಂದಿ, ಅರ್ಧ ಮರಾಠಿ ಬರುತ್ತದೆ. ಒಳ್ಳೆಯ ಹುಡುಗಿಯೇ. ಹೆದರುಪುಕ್ಕಲಿ.

ಕೆಲಸವಿಲ್ಲದೆ ಕೂರುವುದು ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ಕ್ರೋಶಾ ಹೆಣಿಗೆ. ಊರಿನಲ್ಲಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದಾಗ ಪಕ್ಕದ ಮನೆಯ ಲಿಲ್ಲಿಬಾಯಿ ನನ್ನ ಕೈಗೆ ಕೊಕ್ಕೆ ಕಡ್ಡಿ ಕೊಟ್ಟು ಕೂರಿಸಿದ್ದರು. ತಪ್ಪು ಹಾಕಿದರೆ ಮಾತಿಲ್ಲ, ಅದೇ ಕಡ್ಡಿಯಿಂದ ಗೆಣ್ಣಿಗೆ ಒಂದು ಏಟು. ಹಾಗಾಗಿ ಕೈ ಇವತ್ತಿಗೂ ತಪ್ಪುವುದಿಲ್ಲ. ಮೇಜಿನ ಬಟ್ಟೆ, ಟಿವಿಯ ಮೇಲಿನ ಬಟ್ಟೆ ಹೆಣೆದು ಹೆಣೆದು ಬೇಸರ ಬಂದು ಮಕ್ಕಳ ಬಟ್ಟೆಗೆ ಇಳಿದೆ. ಅಂಗಿ, ಟೊಪ್ಪಿ, ಕಾಲುಚೀಲ, ಮೂರೂ ಸೇರಿ ಒಂದು ಸೆಟ್ಟು. ಮನೆಯಲ್ಲಿ ಹನ್ನೊಂದು ಸೆಟ್ಟು ಒಟ್ಟಾದಾಗ ವಿದ್ಯಾ ಹೇಳಿದಳು, "ಅತ್ತೆ, ಇದನ್ನ ನೆಟ್ ಮೇಲೆ ಆಕ್ಷನ್‌ಗೆ ಹಾಕುವಾ. ಮೇರಿ ಏಕ್ ಫ್ರೆಂಡ್ ಸೀರೆ ಮಾರ್ತಾಳೆ."

"ಎಂತ ಆಕ್ಷನ್?"

"ಫೋಟೋ ಹಾಕೋದು. ಜನ ಬೆಲೆ ಹೇಳ್ತಾ ಹೋಗ್ತಾರೆ. ಏಳು ದಿನ ಆದ ಮೇಲೆ ಯಾರು ಜಾಸ್ತಿ ಹೇಳಿದ್ರೋ ಅವರಿಗೆ."

"ಏಲಂ ಅನ್ನು. ಅದಕ್ಕೆ ಇಂಗ್ಲಿಷು ಬೇಕಾ?"

ಏಲಂ ನನಗೆ ಯಾರೂ ಕಲಿಸಬೇಕಾಗಿಲ್ಲ. ನನ್ನ ಅಮ್ಮ ಮಲ್ಪೆಯ ಕಡಲ ಬದಿಯಲ್ಲಿ ಮೀನು ಮಾರುತ್ತಿದ್ದಳು. ದೋಣಿ ದಡ ಮುಟ್ಟಿದ ಕೂಡಲೇ ಏಲಂ. ಮೇಲೆ ಇವತ್ತಿನ ಬಂಗುಡೆ ಹರಡಿ ಅಡಿಯಲ್ಲಿ ನಿನ್ನೆಯದನ್ನು ತುಂಬುವವರು ಅಲ್ಲಿಯೂ ಇದ್ದರು. ಅಂಥವರನ್ನು ಮರುದಿನ ಯಾರೂ ಮಾತಾಡಿಸುತ್ತಿರಲಿಲ್ಲ. ಅಮ್ಮ ಮಾತ್ರ ಏಲಂ ಸುರುವಾಗುವ ಮೊದಲೇ ಬುಟ್ಟಿಯನ್ನು ಮರಳ ಮೇಲೆ ಬೋರಲು ಹಾಕುತ್ತಿದ್ದಳು. "ನೋಡಿ, ಮತ್ತೆ ಕೂಗಿ," ಎನ್ನುತ್ತಿದ್ದಳು. ನನಗೆ ಗೊತ್ತಿದ್ದ ವ್ಯಾಪಾರ ಅಷ್ಟು. ಏನಿದೆಯೋ ಅದನ್ನು ಮೊದಲು ತೋರಿಸಬೇಕು. ಬೆಲೆ ಆಮೇಲಿನ ಮಾತು.

ಬೆಲೆಯ ವಿಷಯದಲ್ಲಿಯೇ ನಮ್ಮಿಬ್ಬರ ಮೊದಲ ಜಗಳ.

"ತೊಂಬತ್ತೊಂಬತ್ತರಿಂದ ಸುರು ಮಾಡುವಾ ಅತ್ತೆ. ಕಮ್ಮಿ ನೋಡಿ ಜನ ಬರ್ತಾರೆ, ಮತ್ತೆ ಅವರೇ ಏರಿಸ್ತಾರೆ."

"ಒಬ್ಬಳೇ ಬಂದು ತೊಂಬತ್ತೊಂಬತ್ತಕ್ಕೆ ಹೊತ್ತುಕೊಂಡು ಹೋದರೆ? ನೂಲಿಗೇ ಎಂಬತ್ತು ಬಿದ್ದಿದೆ."

"ರಿಸ್ಕ್ ತೋ ಲೇನಾ ಪಡೇಗಾ."

"ಬೆರಳು ನೋಯುವುದು ನಿನ್ನದಲ್ಲ, ನನ್ನದು."

ನನ್ನ ಲೆಕ್ಕ ಸೀದಾ. ಒಂದು ಸೆಟ್ಟಿಗೆ ನಾಲ್ಕು ದಿನ. ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸಿಗೆ ದಿನಕ್ಕೆ ಸಿಗುವಷ್ಟಾದರೂ ನನಗೆ ಸಿಗಬೇಕು, ಅದರ ಮೇಲೆ ನೂಲಿನ ದುಡ್ಡು. ಹಾಗೆ ಹಾಕಿದರೆ ಯಾರೂ ಕ್ಲಿಕ್ಕೇ ಮಾಡುವುದಿಲ್ಲ ಎಂದು ವಿದ್ಯಾ ತಲೆ ಹಿಡಿದುಕೊಂಡಳು. ಕೊನೆಗೆ ಇನ್ನೂರೈವತ್ತಕ್ಕೆ ನಿಂತೆವು. ಖಾತೆಗೆ ಹೆಸರು ಬೇಕೆಂದಾಗ ಅವಳೇ ಕಮಲಜ್ಜಿ ಎಂದು ಹಾಕಿದಳು. ನನ್ನ ಹೆಸರು ಅಷ್ಟು ದಿನ ರೇಷನ್ ಕಾರ್ಡಿನಲ್ಲಿ ಮಾತ್ರ ಇತ್ತು, ಅದೂ ಗಂಡನ ಹೆಸರಿನ ಕೆಳಗೆ.

ಇನ್ನು ಮುಖ್ಯ ವಿಷಯ. ನಮ್ಮ ಮನೆಯಲ್ಲಿ ಹುಟ್ಟಿದ ಮಗುವಿಗೆ ಹೊಚ್ಚ ಹೊಸ ಬಟ್ಟೆ ಹಾಕುವುದಿಲ್ಲ. ಮೊದಲ ದಿನಗಳಿಗೆ ಅಜ್ಜಿಯ ಹಳೆ ಸೀರೆಯ ತುಂಡು. ನಾಮಕರಣಕ್ಕೆ ಹೊಸ ಅಂಗಿ ಬಂದರೂ ಅದನ್ನು ಮೊದಲು ಆರೋಗ್ಯದಲ್ಲಿರುವ ಬೇರೆ ಒಂದು ಮಗುವಿಗೆ ಒಂದು ಗಳಿಗೆ ತೊಡಿಸಿ ತೆಗೆಯಬೇಕು. ಆಮೇಲೆ ಅಂಟುವಾಳದ ನೊರೆಯಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಇದಕ್ಕೆ ಅಮ್ಮ ಅಂಗಿಗೆ ಮೈ ಕಾಣಿಸುವುದು ಎನ್ನುತ್ತಿದ್ದಳು. ಇದರಲ್ಲಿ ದೇವರು ದಿಂಡರು ಇರಬಹುದು, ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೇ. ಕುತ್ತಿಗೆಯ ಸುತ್ತು ಬಿಗಿಯಾಯಿತೋ, ಕಂಕುಳಲ್ಲಿ ಗಂಟು ಒತ್ತುತ್ತದೋ ಎನ್ನುವುದು ಮೇಜಿನ ಮೇಲೆ ಹರಡಿ ನೋಡಿದರೆ ತಿಳಿಯುವುದಿಲ್ಲ. ಮಗುವಿಗೆ ಹಾಕಿದರೆ ಮಗುವೇ ಹೇಳುತ್ತದೆ. ಅತ್ತರೆ ಬಿಚ್ಚಿ ಮತ್ತೆ ಹೆಣೆಯಬೇಕು. ಸುಮ್ಮನಿದ್ದರೆ ಅಂಗಿ ಪಾಸು.

ನಮ್ಮ ಕಟ್ಟಡದ ವಾಚ್‌ಮನ್ ಶಿವಪ್ಪ, ಅವನ ಹೆಂಡತಿ ಶರಣಮ್ಮ. ಕಲಬುರಗಿಯ ಕಡೆಯವರು. ಕಟ್ಟಡ ಏಳುವಾಗ ಮಣ್ಣು ಹೊರಲು ಬಂದವರು ಕಟ್ಟಡ ಎದ್ದ ಮೇಲೆ ಅದರ ಜಿನೆಯ, ಎಂದರೆ ಮೆಟ್ಟಿಲಿನ, ಕೆಳಗಿನ ಖೋಲಿಯಲ್ಲಿಯೇ ಉಳಿದರು. ದೀಪಾವಳಿಗೆ ಅವರ ಕೂಸು ಭಾಗಿಗೆ ಒಂದೂವರೆ ತಿಂಗಳು. ಅಂಗಿ ತಯಾರಾದ ದಿನ ಶರಣಮ್ಮನನ್ನು ಮೇಲೆ ಕರೆಯುತ್ತಿದ್ದೆ.

"ಏನ್ರೀ ಅಮ್ಮಾರ, ನಮ್ ಕೂಸಿಗಿ ದಿನಾ ಒಂದ್ ಹೊಸಾ ಅಂಗಿ! ಸಾವಕಾರರ ಮನ್ಯಾಗೂ ಇಷ್ಟ ಅಂಗಿ ಇರಂಗಿಲ್ರೀ."

"ಹಾಕು ಹಾಕು. ಅಳ್ತದಾ ನೋಡುವಾ."

"ಅಳೂದಿಲ್ರೀ. ಕಳಚೂ ಮುಂದ ಅಳ್ತದ. ಭಾಳ ಆಸಿಬುರುಕಿ ಅದ, ಅವರಪ್ಪನಂಗ."

ಒಮ್ಮೆ ಅದು ನಿಜವಾಗಿ ಅತ್ತಿತು. ನೋಡಿದರೆ ಎಡಗೈಯ ಬುಡದಲ್ಲಿ ಗಂಟು. ಎರಡು ದಿನದ ಕೆಲಸವನ್ನು ಅಲ್ಲೇ ಬಿಚ್ಚಿದೆ. ಶರಣಮ್ಮ "ಅಯ್ಯ ಯವ್ವಾ, ಒಂದ್ ಗಂಟಿಗಿ ಇಷ್ಟೆಲ್ಲಾ ಕಿತ್ತಿದಿರೇನ್ರೀ" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ನನ್ನ ಕೆಲಸದ ಪರೀಕ್ಷೆ ಮಾಡುತ್ತಿದ್ದದ್ದು ಆ ಕೂಸು. ಅದಕ್ಕೆ ಸಂಬಳ, ಉಳಿದ ನೂಲಿನಲ್ಲಿ ಹೆಣೆದ ಒಂದು ಬಣ್ಣಬಣ್ಣದ ಕಂಬಳಿ.

ಮೊದಲ ಸೆಟ್ಟಿನ ಫೋಟೋ ಹಾಕುವಾಗಲೇ ವಿದ್ಯಾಳಿಗೆ ಹೇಳಿದ್ದೆ. "ಅಂಗಿ ಮೈ ಕಂಡದ್ದು ಅಂತ ಬರಿ. ಯಾಕೆ ಹಾಗೆ ಮಾಡ್ತೇವೆ ಅಂತಾನೂ ಬರಿ."

"ಅತ್ತೆ, ಅದು ನ್ಯೂ ಅಥವಾ ಯೂಸ್ಡ್ ಅಂತ ಕೇಳ್ತದೆ. ಬೇರೆ ಜಾಗ ಇಲ್ಲ."

"ಕೆಳಗೆ ಇಷ್ಟು ಉದ್ದ ಬರೆದಿದ್ದೀಯಲ್ಲ, ಅಲ್ಲಿ ಬರಿ."

"ಹಾಂ, ಬರೀತೇನೆ."

ಬರೀತೇನೆ ಎಂದಳು. ನಾನು ನಂಬಿದೆ. ಪರದೆಯ ಮೇಲೆ ಇದ್ದದ್ದೆಲ್ಲ ಇಂಗ್ಲಿಷು. ನನಗೆ ನಾಲ್ಕನೇ ಕ್ಲಾಸಿನ ಕನ್ನಡ ಬರುತ್ತದೆ, ಇಂಗ್ಲಿಷಿನಲ್ಲಿ ಅಂಕೆ ಬಿಟ್ಟರೆ ಅಕ್ಷರ ಬರುವುದಿಲ್ಲ. ಪ್ರತಿ ಸಲ ಕೇಳಿದೆ, "ಬರೆದಿಯಾ?" ಪ್ರತಿ ಸಲ "ಹಾಂ ಅತ್ತೆ."

ಏಲಂ ನಡೆಯಿತು. ಇದು ಎಂಥ ಏಲಂ ಎಂದರೆ ಕೂಗುವವರ ದನಿ ಇಲ್ಲ, ಮುಖ ಇಲ್ಲ. ಆರು ದಿನ ಯಾರೂ ಹತ್ತಿರ ಬರುವುದಿಲ್ಲ. ಏಳನೆಯ ದಿನ ಕೊನೆಯ ಐದು ನಿಮಿಷದಲ್ಲಿ ಎಲ್ಲಿಂದಲೋ ಬಂದು ಮುಗಿಬೀಳುತ್ತಾರೆ. ಆಗ ಡೊಂಬಿವಲಿಯಲ್ಲಿ ದಿನಕ್ಕೆ ನಾಲ್ಕೈದು ತಾಸು ಲೋಡ್‌ಶೆಡಿಂಗು. ಮೊದಲ ಏಲಂ ಮುಗಿಯಲು ಹತ್ತು ನಿಮಿಷ ಇರುವಾಗ ಕರೆಂಟು ಹೋಯಿತು. ಮೂರು ತಾಸು ನಾನೂ ವಿದ್ಯಾಳೂ ಕಪ್ಪು ಪರದೆಯ ಎದುರು ಕೂತೆವು. ಕರೆಂಟು ಬಂದಾಗ ಅಂಗಿ ನಾಲ್ಕುನೂರ ಹತ್ತಕ್ಕೆ ಪುಣೆಗೆ ಹೋಗಿತ್ತು. ವಿದ್ಯಾ ಕುಣಿದಳು. ನಾನು ನಗಲಿಲ್ಲ ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ನಗಲಿಲ್ಲ, ಆದರೆ ಆ ದಿನ ಎರಡು ಸಲ ಕೇಳಿ ಬೆಲೆಯನ್ನು ಖಾತ್ರಿ ಮಾಡಿಕೊಂಡೆ.

ಕೊಂಡವರು ಹೇಗಿತ್ತು ಎಂದು ಬರೆಯುತ್ತಾರೆ. ಎಲ್ಲರೂ ಒಳ್ಳೆಯದು ಎಂದರೆ ಮಾರಿದವರ ಹೆಸರಿನ ಪಕ್ಕ ನೂರಕ್ಕೆ ನೂರು ಎಂದು ಬೀಳುತ್ತದೆ. ಹೊಸ ವರ್ಷ ಬರುವಷ್ಟರಲ್ಲಿ ಕಮಲಜ್ಜಿ ಎನ್ನುವ ಹೆಸರಿನ ಪಕ್ಕ ಅದು ಇತ್ತು. ಅಂಕೆಯಾದ್ದರಿಂದ ನಾನೇ ಓದಬಲ್ಲೆ. ಬೆಳಿಗ್ಗೆ ಚಹಾ ಆದ ಮೇಲೆ "ಅದನ್ನೊಮ್ಮೆ ತೆರೆ" ಎನ್ನುತ್ತಿದ್ದೆ. ವಿದ್ಯಾ ತೆರೆದು ತೋರಿಸುತ್ತಿದ್ದಳು. ಹೊಗಳಿಕೆಗೆ ನಾನು ಬಾಯಿ ಬಿಡುವವಳಲ್ಲ. ಆದರೆ ಅದು ನನ್ನ ಕೈಗೆ ಬಂದದ್ದು, ನನ್ನ ಹೆಸರಿಗೆ ಬಂದದ್ದು. ಯಾರ ಹೆಂಡತಿ, ಯಾರ ತಾಯಿ ಎಂದು ಕೇಳಿ ಕೊಟ್ಟದ್ದಲ್ಲ.

ಸಂಕ್ರಾಂತಿಯ ಹಿಂದೆ ಮುಂದೆ ಒಂದು ಬಿಳಿ ಸೆಟ್ಟು ಹೆಣೆದೆ. ಸಪೂರ ಹತ್ತಿ ನೂಲು, ಎದೆಯ ಮೇಲೆ ಮಲ್ಲಿಗೆಯ ಹಾಗೆ ಸಣ್ಣ ಹೂವುಗಳ ಸಾಲು. ಒಂಬತ್ತು ದಿನ ಹಿಡಿಯಿತು. ಭಾಗಿ ಅದನ್ನು ಹಾಕಿಕೊಂಡು ನಿದ್ದೆಯೇ ಮಾಡಿತು. ತೆಗೆಯಲು ಮನಸ್ಸಾಗದೆ ಶರಣಮ್ಮ ಕಾಲು ತಾಸು ಕೂತಳು. ಅದು ಏಲಂನಲ್ಲಿ ಏರಿ ಏರಿ ಹನ್ನೆರಡು ನೂರಕ್ಕೆ ಹೋಯಿತು. ಕೊಂಡವರು ನೌಪಾಡಾದ ಒಬ್ಬರು ಹೆಂಗಸು, ಸುಲಭಾತಾಯಿ. ಮೊಮ್ಮಗಳ ಬಾರಸೆಗೆ, ಎಂದರೆ ನಾಮಕರಣಕ್ಕೆ.

ಪಾರ್ಸೆಲ್ ಮುಟ್ಟಿದ ಮಾರನೆಯ ದಿನ ಅವರ ದೂರು ಬಂತು. ಕಾಲರಿನ ಒಳಗೆ ಕಪ್ಪು ಕಲೆ ಇದೆ, ಹೆಣಿಗೆಯಲ್ಲಿ ಮಗುವಿನ ಕೂದಲು ಸಿಕ್ಕಿದೆ, ಯಾರೋ ಹಾಕಿ ಬಿಟ್ಟದ್ದನ್ನು ಹೊಸದು ಎಂದು ಮಾರಿದ್ದಾರೆ, ಮೋಸಗಾರರು. ನೂರಕ್ಕೆ ನೂರು ಇದ್ದದ್ದು ಇಳಿಯಿತು. ಏಳು ದಿನದಲ್ಲಿ ಉತ್ತರ ಕೊಡದಿದ್ದರೆ ಖಾತೆ ಮುಚ್ಚುತ್ತೇವೆ ಎಂದು ಏಲಂ ಕಂಪನಿಯವರ ಕಾಗದವೂ ಬಂತು.

ಕಲೆ ಕಾಡಿಗೆಯದು. ದೃಷ್ಟಿಗೆ ಎಂದು ಶರಣಮ್ಮ ಕೂಸಿನ ಕೆನ್ನೆಗೆ ಇಡುವ ಬೊಟ್ಟು. ತೊಳೆಯುವಾಗ ನಾನು ಕಾಲರನ್ನು ಮಗುಚಿ ನೋಡಲಿಲ್ಲ. ಅದು ನನ್ನ ತಪ್ಪು, ಪೂರ್ತಿ ನನ್ನದು. ಅದಕ್ಕೆ ಕ್ಷಮೆ ಕೇಳುವುದೇ ಸರಿ. ಆದರೆ ಮೋಸ ಎಲ್ಲಿಂದ ಬಂತು?

"ಮೈ ಕಂಡದ್ದು ಅಂತ ಬರೆದದ್ದನ್ನು ಆ ಹೆಂಗಸು ಓದಲಿಲ್ಲವಾ?" ಎಂದು ಕೇಳಿದೆ.

ವಿದ್ಯಾ ನೆಲ ನೋಡಿದಳು. "ಬರೆದಿಲ್ಲ ಅತ್ತೆ."

"ಈ ಸಲವಾ?"

"ಯಾವ ಸಲವೂ. ಹಾಗೆ ಬರೆದ್ರೆ ಯಾರೂ ತಗೊಳ್ಳೋದಿಲ್ಲ. ಬ್ರ್ಯಾಂಡ್ ನ್ಯೂ ಅಂತ ಬರೆದೆ."

ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. "ಈಗ ಬರಿ," ಎಂದೆ. "ಇದ್ದದ್ದು ಇದ್ದ ಹಾಗೆ ಬರಿ. ನಾವು ಬೇಕೆಂದೇ ಹೀಗೆ ಮಾಡುವುದು, ಮೊದಲೇ ಹೇಳದ್ದು ತಪ್ಪು, ಕಲೆ ಉಳಿದದ್ದು ತಪ್ಪು. ದುಡ್ಡು ವಾಪಸು ಕೊಡುತ್ತೇವೆ."

ಸತೀಶ ಊಟ ಮಾಡುತ್ತಿದ್ದವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ, "ಅಮ್ಮ, ನೀನು ಟೆನ್ಶನ್ ತಗೊಳ್ಬೇಡ. ನಾನು ನೋಡ್ಕೊಳ್ತೇನೆ."

ನಾಲ್ಕು ದಿನ ಕಳೆದು "ಸೆಟ್ಲ್ ಆಯ್ತು" ಎಂದ. ಪರದೆ ತೆರೆದು ತೋರಿಸಿದ. ಸುಲಭಾತಾಯಿ ದೂರು ತೆಗೆದು ಮೆಚ್ಚಿ ಬರೆದಿದ್ದರು, ಮತ್ತೆ ನೂರಕ್ಕೆ ನೂರು. ಹೇಗೆ ಎಂದು ಕೇಳಿದರೆ "ಮಾತಾಡಿದೆ" ಎಂದ. ನನಗೂ ಸಮಾಧಾನವೇ ಆಯಿತು. ಸುಳ್ಳು ಹೇಳುವುದಿಲ್ಲ.

ಅದೇ ವಾರ ಒಂದು ಗುಲಾಬಿ ಅಂಗಿ ಮುಗಿದಿತ್ತು. ಶರಣಮ್ಮನನ್ನು ಕರೆದರೆ ಬರಲಿಲ್ಲ. ಎರಡು ಸಲ ಕರೆದೆ. ಮೂರನೆಯ ಸಲ ನಾನೇ ಇಳಿದುಹೋದೆ. ಅವಳು ಖೋಲಿಯ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಏಳಲಿಲ್ಲ.

"ಯಾಕೆ ಮಾರಾಯ್ತಿ, ಮಗುವಿಗೆ ಹುಷಾರಿಲ್ಲವಾ?"

"ಹುಷಾರಾಗೇ ಅದಾಳ್ರೀ."

"ಮತ್ತೆ?"

ಮೊರದಲ್ಲಿ ಇನ್ನೂ ಎರಡು ಸಲ ಅಕ್ಕಿ ಕೇರಿದಳು. ಆಮೇಲೆ ಹೇಳಿದಳು, "ನಿಮ್ ಮಗಾ ಬಂದಿದ್ರು. ಇನ್ ಮ್ಯಾಲ ಕೂಸಿಗಿ ಮ್ಯಾಲ ತರಬ್ಯಾಡ, ಗಿರಾಕಿ ಕಂಪ್ಲೇಂಟ್ ಮಾಡ್ಯಾರ ಅಂದ್ರು. ನಾ ಏನ್ ನಿಮ್ ಮನೀಗಿ ಬೇಡಲಾಕ ಬಂದಿದ್ನೇನ್ರೀ? ನೀವೇ ಕರದ್ರಿ, ಬಂದೆ. ನಮ್ ಕೂಸಿನ ಮೈಯಾಗ ಏನ್ ಹೊಲಸದ ಅಂತ ಹೇಳ್ರಿ. ದಿನಾ ಬಿಸಿನೀರ ಹಾಕ್ತೀನಿ. ನೀವು ನೋಡೀರಿ."

ನೋಡಿದ್ದೆ. ಮೇಲೆ ಬಂದು ವಿದ್ಯಾಳನ್ನು ಕಂಪ್ಯೂಟರಿನ ಎದುರು ಕೂರಿಸಿದೆ. "ಸತೀಶ ಎಂತ ಬರೆದಿದ್ದಾನೆ, ಓದು."

"ಇಂಗ್ಲಿಷ್‌ನಲ್ಲಿ ಉಂಟು ಅತ್ತೆ."

"ಒಂದೊಂದೇ ಸಾಲು ಓದು. ಓದಿ ಕನ್ನಡದಲ್ಲಿ ಹೇಳು. ಬಿಟ್ಟರೆ ನನಗೆ ಗೊತ್ತಾಗ್ತದೆ."

ಗೊತ್ತಾಗುತ್ತಿರಲಿಲ್ಲ. ಅವಳು ಹೆದರಿ ಒಂದನ್ನೂ ಬಿಡಲಿಲ್ಲ. ಸುಲಭಾತಾಯಿಗೆ ಸತೀಶ ಬರೆದದ್ದು ಹೀಗಿತ್ತು. ನನ್ನ ತಾಯಿ ತುಂಬಾ ವಯಸ್ಸಾದವರು. ಅನ್‌ಎಜುಕೇಟೆಡ್. ಅಲ್ಲಿ ವಿದ್ಯಾ ನಿಂತಳು. "ಅದಕ್ಕೆ ಕನ್ನಡ ಬೇಡ, ಮುಂದೆ ಹೋಗು," ಎಂದೆ. ಆ ಶಬ್ದವನ್ನು ಎಷ್ಟು ಫಾರಂ ತುಂಬಿಸುವಾಗ ಕೇಳಿಲ್ಲ. ಅವರಿಗೆ ಇಂಥದೆಲ್ಲ ತಿಳಿಯುವುದಿಲ್ಲ. ಅವರು ತಪ್ಪಿ ನಮ್ಮ ವಾಚ್‌ಮನ್‌ನ ಮಗುವಿಗೆ ಅಂಗಿಯನ್ನು ಮುಟ್ಟಲು ಬಿಟ್ಟರು. ಅವರಿಗೂ ವಾಚ್‌ಮನ್‌ಗೂ ಕಟ್ಟುನಿಟ್ಟಾಗಿ ಹೇಳಿದ್ದೇವೆ. ಮುಂದೆ ಹೀಗಾಗುವುದಿಲ್ಲ. ದಯವಿಟ್ಟು ಕ್ಷಮಿಸಿ. ಕೆಳಗೆ ರುಜು ಇದ್ದ ಜಾಗದಲ್ಲಿ ಕಮಲಜ್ಜಿ.

"ನನ್ನ ಹೆಸರಾ?"

"ಅಕೌಂಟ್ ನಿಮ್ಮ ಹೆಸರಲ್ಲಿ ಅಲ್ವಾ ಅತ್ತೆ. ಅದು ತಾನಾಗೇ ಬರ್ತದೆ."

ನಾನೇ ನನ್ನನ್ನು ಏನೂ ತಿಳಿಯದವಳು ಎಂದು ಬರೆದುಕೊಂಡ ಹಾಗಾಯಿತು. ಪಾರ್ಸೆಲಿನ ಚೀಟಿಯ ಅರ್ಧ ಭಾಗವನ್ನು ಡಬ್ಬಿಯಲ್ಲಿ ಇಟ್ಟಿದ್ದೆ. ಅದರಲ್ಲಿದ್ದ ಸುಲಭಾತಾಯಿಯ ವಿಳಾಸವನ್ನು ವಿದ್ಯಾಳಿಂದ ಓದಿಸಿಕೊಂಡೆ. ಸೀರೆ ಬದಲಾಯಿಸಿ ಸ್ಟೇಷನ್ನಿಗೆ ನಡೆದೆ. ಮಧ್ಯಾಹ್ನದ ಸ್ಲೋ ಗಾಡಿ, ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕಿತು. ಠಾಣೆಯವರೆಗೂ ಹೇಳಬೇಕಾದ ಮಾತನ್ನು ಮರಾಠಿಯಲ್ಲಿ ಜೋಡಿಸಿಕೊಂಡು ಹೋದೆ. ಮೀ ಮುದ್ದಾಮ್ ಕೇಲಂ. ಬೇಕೆಂದೇ ಮಾಡಿದೆ. ಮುದ್ದಾಮ್, ಮುದ್ದಾಮ್ ಎಂದು ಕೋಪರ್, ದಿವಾ, ಮುಂಬ್ರಾ ದಾಟಿದೆ.

ಬಾಗಿಲು ತೆರೆದವರು ನನಗಿಂತ ಐದಾರು ವರ್ಷ ಚಿಕ್ಕವರು. ಹೆಸರು ಹೇಳಿದೆ. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ಅಗೋಬಾಯಿ! ಆಜಿ, ಇಷ್ಟು ದೂರ ನೀವು ಯಾಕೆ ಬಂದ್ರಿ? ನಿಮ್ಮ ಮಗ ಎಲ್ಲ ಬರೆದಿದ್ದಾರೆ. ಬಸಾ, ಕೂತ್ಕೊಳ್ಳಿ."

"ನಾನು ಮುದ್ದಾಮ್ ಮಾಡಿದ್ದು," ಎಂದೆ.

"ಹೋ ಹೋ. ಅಸೂ ದ್ಯಾ ಆಜಿ, ಇರಲಿ ಬಿಡಿ. ವಯಸ್ಸಾದ ಮೇಲೆ ಆಗ್ತದೆ. ನಮ್ಮ ಅತ್ತೆ, ಸಾಸೂಬಾಯಿಯೂ ಹೀಗೇ." ನನಗೆ ಕಿವಿ ಕೇಳುವುದಿಲ್ಲವೇನೋ ಎನ್ನುವ ಹಾಗೆ ನಿಧಾನವಾಗಿ, ಜೋರಾಗಿ ಮಾತಾಡಿದರು. ಚಹಾ ಬಂತು. ನಮ್ಮಲ್ಲಿ ಹಾಗೆ ಪದ್ಧತಿ, ಅಂಗಿಗೆ ಮಗುವಿನ ಮೈ ಕಾಣಿಸದೆ ನಾವು ಕೊಡುವುದಿಲ್ಲ, ಬರೆಯದ್ದು ನಮ್ಮ ತಪ್ಪು ಎಂದು ನಾನು ಮೂರು ಸಲ ಬಿಡಿಸಿ ಹೇಳಿದೆ. ಮೂರು ಸಲವೂ ಅವರು ತಲೆಯಾಡಿಸಿದರು. ನನ್ನ ಮಾತು ಅವರಿಗೆ ಅರ್ಥವಾಗದೆ ಇರಲಿಲ್ಲ. ಕೇಳುವ ಅಗತ್ಯ ಇರಲಿಲ್ಲ, ಅಷ್ಟೇ. ಏನೂ ತಿಳಿಯದವಳು ಎಂದು ಬರೆದುಕೊಟ್ಟವಳ ಮಾತನ್ನು ಯಾರು ಕೇಳುತ್ತಾರೆ?

"ಅಂಗಿ ಎಲ್ಲಿ?" ಎಂದು ಕೇಳಿದೆ.

"ನಮ್ಮ ಕೆಲಸದ ಬಾಯಿಗೆ ಕೊಟ್ಟೆ. ಅವಳ ಮೊಮ್ಮಗುವಿಗೆ. ನಮ್ಮ ಮಗುವಿಗೆ ಹೇಗೆ ಹಾಕೋದು, ಯಾರ್‍ಯಾರ ಮೈ ಮುಟ್ಟಿದೆಯೋ."

ಆ ಮಗ್ಗುಲಿನಿಂದ ನೋಡಿದರೆ ಅಂಗಿಗೆ ಒಳ್ಳೆಯದೇ ಆಯಿತು. ಹೊರಡುವಾಗ ಒಂದು ಚಿವಡಾದ ಪೊಟ್ಟಣ ಕೈಗೆ ಹಾಕಿ, ರಿಕ್ಷಾದಲ್ಲಿ ಹೋಗಿ ಎಂದು ಇಪ್ಪತ್ತು ರೂಪಾಯಿಯ ನೋಟು ನೀಡಿದರು. ನೋಟನ್ನು ಅವರ ಮೇಜಿನ ಮೇಲೆಯೇ ಬಿಟ್ಟೆ. ಪೊಟ್ಟಣವನ್ನು ಜಿನೆಯ ಮೇಲೆ ಬಿಟ್ಟೆ. ಮೋಸಗಾರಳೇ ಎಂದು ಬೈದಿದ್ದರೆ ನನ್ನ ಮಾನ ನನ್ನ ಹತ್ತಿರವೇ ಇರುತ್ತಿತ್ತು. ತಿರುಗಿ ಬೈಯಬಹುದಿತ್ತು. ಪಾಪ ಎಂದವರಿಗೆ ಏನು ಹೇಳುವುದು?

ಸಂಜೆ ಸತೀಶ ಬಂದ. ಚಪ್ಪಲಿ ಬಿಡುವ ಮೊದಲೇ ಹಿಡಿದೆ.

"ಅನ್‌ಎಜುಕೇಟೆಡ್ ಅಂತ ಯಾಕೆ ಬರೆದೆ?"

ವಿದ್ಯಾಳ ಮುಖ ನೋಡಿದ. ಅವಳು ಅಡಿಗೆಮನೆಗೆ ಹೋದಳು. "ಅದು ಸುಮ್ಮನೆ ಅಮ್ಮ. ಸಿಂಪಥಿ ಸಿಗ್ತದೆ ಅಂತ. ನಿನ್ನ ನೂರಕ್ಕೆ ನೂರು ಉಳೀತಲ್ಲ, ಇನ್ನೆಂತ ಬೇಕು ನಿಂಗೆ?"

"ನಾನು ಓದದವಳು ಹೌದು. ಅದರಲ್ಲಿ ನನಗೆ ನಾಚಿಕೆ ಇಲ್ಲ. ನಾನು ಓದದ್ದಕ್ಕೂ ಈ ಅಂಗಿಗೂ ಎಂತ ಸಂಬಂಧ, ಅದನ್ನು ಹೇಳು. ಓದಿದವಳು ಬ್ರ್ಯಾಂಡ್ ನ್ಯೂ ಅಂತ ಸುಳ್ಳು ಬರೆದಳು. ಇನ್ನೊಬ್ಬ ಓದಿದವನು ಅದನ್ನು ಮುಚ್ಚಲು ಎರಡನೇ ಸುಳ್ಳು ಬರೆದ. ತಪ್ಪು ಮಾತ್ರ ಓದದವಳದ್ದು, ಮತ್ತೆ ಆ ಕೂಸಿನದ್ದು. ಅದಕ್ಕೆ ಇನ್ನೂ ಹಲ್ಲೂ ಬಂದಿಲ್ಲ."

"ವಾಚ್‌ಮನ್‌ನ ಮಗು ಅಂತ ಗೊತ್ತಾದ್ರೆ ಯಾರು ತಗೊಳ್ತಾರೆ ಅಮ್ಮ? ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು."

"ನೀನು ಹುಟ್ಟಿದಾಗ ನಿನ್ನ ಅಂಗಿ ಯಾರ ಮೈ ಕಂಡದ್ದು ಗೊತ್ತುಂಟಾ? ದೋಣಿಯ ಬಲೆ ಎಳೆಯುವವನ ಮಗನದ್ದು. ಕಿತ್ತು ಬಿಸಾಡು ಈಗ ನಿನ್ನ ಚರ್ಮ."

ಅವನು ಸೋಫಾದ ಮೇಲೆ ಕೂತ. "ಈಗ ಎಂತ ಮಾಡ್ಬೇಕು ಅಂತೀಯಾ?"

"ಸರಿಯಾಗಿ ಬರಿ."

"ಒಮ್ಮೆ ಒಪ್ಪಿ ಆಗಿದೆ. ಈಗ ಅದು ಸುಳ್ಳು ಅಂತ ಬರೆದ್ರೆ ಅಕೌಂಟೇ ಹೋಗ್ತದೆ. ನಿನ್ನ ಕಮಲಜ್ಜಿ, ನಿನ್ನ ನೂರು, ಎಲ್ಲ ಹೋಗ್ತದೆ."

"ಹೋಗಲಿ."

"ನನ್ನ ಕೈಯಿಂದ ಆಗೋದಿಲ್ಲ," ಎಂದು ಕಂಪ್ಯೂಟರಿನ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಿ ಟಿವಿ ಹಾಕಿದ. ಕ್ರಿಕೆಟ್ಟು ಬರುತ್ತಿತ್ತು.

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ವಿದ್ಯಾ ಬಂದು ಕೈಯಲ್ಲಿ ಒಂದು ಚೀಟಿ ಇಟ್ಟಳು. ಖಾತೆ ತೆರೆಯುವ ಗುಟ್ಟಿನ ಅಕ್ಷರಗಳು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಕೆಳಗೆ ಶರಣಮ್ಮ ನಳದ ಹತ್ತಿರ ಇದ್ದಳು. "ಕೂಸಿನ ಪೂರ್ತಿ ಹೆಸರು ಎಂತ?" ಎಂದು ಕೇಳಿದೆ.

"ಯಾಕ್ರೀ? ಮತ್ತೇನರ ಕಂಪ್ಲೇಂಟ್ ಬರೀತೀರೇನು?"

"ಹೆಸರು ಹೇಳು."

"ಭಾಗ್ಯಶ್ರೀ," ಎಂದಳು, ಬಕೆಟ್ ಎತ್ತಿಕೊಂಡು ತಿರುಗಿ ನೋಡದೆ ಹೋದಳು.

ಸ್ಟೇಷನ್ನಿನ ಹತ್ತಿರದ ಸೈಬರ್ ಕೆಫೆಯ ಶಟರು ಇನ್ನೂ ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದೆ. ಮಾಲೀಕ ಊದುಬತ್ತಿ ಹಚ್ಚುತ್ತಿದ್ದ, ನಲವತ್ತು ದಾಟಿದ ಮನುಷ್ಯ. ಚೀಟಿ ಕೊಟ್ಟೆ, ಖಾತೆ ತೆರೆಸಿದೆ. ಸುಲಭಾತಾಯಿ ಮೆಚ್ಚಿ ಬರೆದ ಸಾಲಿನ ಕೆಳಗೆ ಮಾರಿದವರು ಉತ್ತರ ಬರೆಯುವ ಜಾಗ ಇದೆಯಾ ಎಂದು ಹಿಂದಿಯಲ್ಲಿ ಕೇಳಿದೆ. ಇದೆ ಎಂದ. ನಾನು ಹೇಳುತ್ತಾ ಹೋದೆ, ಪದ್ಧತಿ, ಅಂಟುವಾಳ, ಕಲೆ, ಕ್ಷಮೆ, ನಾನು ಓದದವಳು ಎಂದು ಬರೆದದ್ದು ನಾನಲ್ಲ, ಎಲ್ಲ. ಅವನು ಟೈಪು ಮಾಡುತ್ತಾ ನಡುವೆ ಕೈ ಎತ್ತಿದ.

"ಆಜಿ, ಇಲ್ಲಿ ಎಂಬತ್ತೇ ಅಕ್ಷರ ಹಿಡಿಯೋದು."

"ಎಂಬತ್ತೇ?"

"ಎಂಬತ್ತೇ. ಒಂದೂ ಜಾಸ್ತಿ ಹೋಗೋದಿಲ್ಲ."

ಪದ್ಧತಿಯನ್ನು ತೆಗೆಸಿದೆ. ಅಂಟುವಾಳ ತೆಗೆಸಿದೆ. ನನ್ನ ಓದಿನ ಮಾತನ್ನೂ ತೆಗೆಸಿದೆ. ಕಲೆಯ ಕ್ಷಮೆಯನ್ನು ಇಡಬೇಕೆಂದಿದ್ದೆ, ಅದೂ ಹಿಡಿಯಲಿಲ್ಲ. ಅವನು ಪರದೆಯ ಮೇಲೆ ಬೆರಳಿಟ್ಟು ಅಕ್ಷರ ಎಣಿಸಿದ, ನಾನು ಜೊತೆಯಲ್ಲಿ ಎಣಿಸಿದೆ. ಕೊನೆಗೆ ಉಳಿದದ್ದು ಎರಡು ಮಾತು. ಬೇಕೆಂದೇ ತೊಡಿಸಿದ್ದು. ಮಗುವಿನ ಹೆಸರು ಭಾಗ್ಯಶ್ರೀ.

"ಇದನ್ನು ಹಾಕಿದರೆ ಮತ್ತೆ ಅಳಿಸೋದಕ್ಕೆ ಆಗೋದಿಲ್ಲ ಆಜಿ," ಎಂದ. "ಗಿರಾಕಿಗಳೆಲ್ಲ ಓದ್ತಾರೆ. ಪಕ್ಕಾ ಹಾಕಲಾ?"

ನೀನು ಬೇಡ, ಯಾವ ಗುಂಡಿ ತೋರಿಸು ಎಂದೆ. ತೋರಿಸಿದ. ನಾನೇ ಒತ್ತಿದೆ.